ಮೇಲಿನ ಖಾನೆಯ ಕಂಬಳಿ

ಚಳ್ಳಕೆರೆಯ ಇಂಗ್ಲಿಷ್ ಮೇಷ್ಟ್ರು ಮೈಲಾರಪ್ಪನವರಿಗೆ ಯಾರ ಮನೆಯಲ್ಲಿ ಬೀರು ಕಂಡರೂ ಪಾಠ ಶುರುವಾಗುತ್ತದೆ. “ಫ್ರೆಂಚರು ಮೊದ್ಲು ಒರಟು ಉಣ್ಣೆಬಟ್ಟೆಗೆ ಬ್ಯೂರೋ ಅಂತಿದ್ರು. ಅದನ್ನ ಹಾಸಿದ ಮೇಜಿಗೂ ಅದೇ ಹೆಸರು ಬಂತು. ಆಮೇಲೆ ಕಚೇರೀನೂ ಆತು, ಇಂಗ್ಲಿಷಿನೋರ ಕೈಯಿಂದ ನಮ್ಮೂರಿಗೆ ಬಂದು ಬೀರು ಆಗೈತೆ!” ಮಗಳ ಮದುವೆಗೆ ತಂದ ಬೀರು ಹೊತ್ತಿದ್ದ ಹಮಾಲರನ್ನೂ ಬಾಗಿಲಲ್ಲೇ ನಿಲ್ಲಿಸಿ ಇಷ್ಟನ್ನೂ ಹೇಳಿ ಮುಗಿಸಿದ ಪುಣ್ಯಾತ್ಮರು. ಆದರೆ ಅವರದೇ ಬೀರುವಿನ ಮೇಲಿನ ಖಾನೆ ಹೆಂಡತಿ ಓಬಮ್ಮನಿಗೆ ಇವತ್ತಿಗೂ ಸಿಕ್ಕಿಲ್ಲ. “ಮೊಳಕಾಲ್ಮೂರು ಸೀರೆ ಇಡಾಕೆ ಜಾಗ ಬಿಡ್ರಿ” ಎಂದು ಆಕೆ ಕೇಳಿದಾಗಲೆಲ್ಲ, ಮೇಷ್ಟ್ರು ಅಲ್ಲಿರುವ ಒಂದೇ ಒಂದು ಕರಿಕಂಬಳಿಯನ್ನು ತೆಗೆದು ಕಣ್ಣಿಗೊತ್ತಿಕೊಳ್ಳುತ್ತಾರೆ. ಓದು ಬಾರದ ಅವರವ್ವ ಕುರಿ ಕಾಯುತ್ತ ನೂತ ಉಣ್ಣೆಯದು. ಮಗ ಹಾಸ್ಟೆಲಿಗೆ ಹೊರಟ ದಿನ ಹೆಗಲಿಗೆ ಹಾಕಿದ್ದಳು. “ಆ ಬ್ಯೂರೋ ಪದದಂಗೆ ನಾನೂ ಉಣ್ಣೆಯಿಂದಾನೇ ಮೇಷ್ಟ್ರ ಮೇಜಿಗೆ ಬಂದೋನು ಕಣೆ” ಎನ್ನುತ್ತಾರೆ. ಓಬಮ್ಮನ ಸೀರೆ ಮತ್ತೆ ಕೆಳಗಿನ ಖಾನೆಗೆ ಹೋಗುತ್ತದೆ.