ಪುಸ್ತಕದ ಅಂಚು ಓದುವವಳು

ವಾಪಸು ಬಂದ ಪುಸ್ತಕವನ್ನು ಆಕೆ ತೆರೆದು ನೋಡುವುದಿಲ್ಲ. ಮುಚ್ಚಿದಂತೆಯೇ ಅಡ್ಡಕ್ಕೆ ಹಿಡಿದು, ಕಿಟಕಿಯ ಬೆಳಕಿಗೆ ತಿರುಗಿಸಿ, ಹಾಳೆಗಳ ಅಂಚು ನೋಡುತ್ತಾಳೆ. ಓದಿದ ಹಾಳೆಗಳ ಅಂಚಿಗೆ ಬೆರಳುಗಳ ಮಾಸಲು ಹತ್ತಿರುತ್ತದೆ. ಓದದ ಹಾಳೆಗಳು ಅಂಗಡಿಯಿಂದ ಬಂದ ದಿನದಷ್ಟೇ ಬೆಳ್ಳಗಿರುತ್ತವೆ. ಹತ್ತಿಪ್ಪತ್ತು ಜನರ ಕೈ ದಾಟಿದ ಪುಸ್ತಕವಾದರೆ, ಜನ ಎಲ್ಲಿ ಬೇಸತ್ತು ಕೈಬಿಟ್ಟರು ಎಂಬುದು ಅಂಚಿನಲ್ಲೇ ಕಾಣುತ್ತದೆ. ಬಾಯಿಬಿಟ್ಟು ಕೇಳಿದರೆ ಎಲ್ಲರೂ ‘ಚೆನ್ನಾಗಿದೆ’ ಎನ್ನುತ್ತಾರೆ. ಅಂಚಿಗೆ ಅಂಥ ದಾಕ್ಷಿಣ್ಯವಿಲ್ಲ.

ಹೀಗಾಗಿ ಆ ಲೈಬ್ರರಿಯ ಓದುಗರು ಆಕೆಗೆ ಅಂಚಕ್ಕ ಎಂದು ಹೆಸರಿಟ್ಟಿದ್ದರು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಇಲ್ಲಿಗೆ ಬರುವ ಮೊದಲು ಆಕೆ ಹನ್ನೊಂದು ವರ್ಷ ಬಟ್ಟೆ ಗಿರಣಿಯಲ್ಲಿದ್ದಳು. ದೀಪದ ಮುಂದೆ ಹರಿದುಹೋಗುವ ಬಟ್ಟೆಯಲ್ಲಿ ತಪ್ಪಿದ ಎಳೆ ಹುಡುಕುವುದು ಅಲ್ಲಿಯ ಕೆಲಸ. ಗಿರಣಿ ಮುಚ್ಚಿತು, ಕಣ್ಣು ಮಾತ್ರ ಹಾಗೇ ಉಳಿಯಿತು. ಅದೇ ಕಣ್ಣನ್ನು ಮಹಡಿಯ ಮೇಲಿನ ಈ ಎರಡು ಕೋಣೆಗಳಿಗೆ ತಂದಳು.

ಆಕೆಗೆ ಪ್ರಾಣವೆಂದರೆ ಕಿಟಕಿ ಪಕ್ಕದ ನಾಲ್ಕು ಹಲಗೆಯ ಕಪಾಟು. ಅದರಲ್ಲಿದ್ದುದೆಲ್ಲ ಐತಿಹಾಸಿಕ ಕಾದಂಬರಿಗಳು. ಹತ್ತು ವರ್ಷದ ಹಿಂದೆ ಅಂಥ ಪುಸ್ತಕವೆಂದರೆ ರಟ್ಟಿನ ಮೇಲೆ ಕತ್ತಿ ಇರಲೇಬೇಕಿತ್ತು. ಈಗ ಕತ್ತಿಯ ಪುಸ್ತಕಗಳ ಮಾಸಲು ಅರವತ್ತನೇ ಪುಟಕ್ಕೇ ಸುಸ್ತಾಗುತ್ತಿತ್ತು. ಅರಮನೆಯ ಸಿಂಹಾಸನಕ್ಕಿಂತ ಅಡುಗೆಮನೆಯ ಒಲೆ, ಸೇನಾಪತಿಗಿಂತ ಗಾಯಕ್ಕೆ ಹೊಲಿಗೆ ಹಾಕುವವಳು ಜನರಿಗೆ ಇಷ್ಟ. ಕಾಲವೂ ಹತ್ತಿರ ಸರಿದಿತ್ತು. ಸಾವಿರ ವರ್ಷದ ಹಿಂದಿನ ಸಾಮ್ರಾಜ್ಯ ಯಾರಿಗೂ ಬೇಡ, ಅಜ್ಜಿಯ ಅಮ್ಮ ಹುಡುಗಿಯಾಗಿದ್ದ ಕಾಲ ಬೇಕು. ಕೊನೆಯಲ್ಲಿ ‘ಇಷ್ಟು ನಿಜ, ಇಷ್ಟು ಕಲ್ಪನೆ’ ಎಂದು ಲೇಖಕರು ಒಪ್ಪಿಕೊಳ್ಳುವ ಪುಟಗಳಿದ್ದರೆ ಅವುಗಳ ಅಂಚು ಎಲ್ಲಕ್ಕಿಂತ ಕಪ್ಪು. ಜನ ಮೊದಲು ಅದನ್ನೇ ಓದಿ, ಆಮೇಲೆ ಕಥೆಗೆ ಬರುತ್ತಿದ್ದರು.

ಪ್ರಕಾಶಕರ ಪಟ್ಟಿ ಬಂದ ದಿನ ಅಂಚಕ್ಕನಿಗೆ ಊಟ ರುಚಿಸುತ್ತಿರಲಿಲ್ಲ, ಖುಷಿಗೆ. ಆ ಸಲ ಮೂರು ತಿಂಗಳಲ್ಲಿ ಬರಲಿರುವ ಹನ್ನೊಂದು ಐತಿಹಾಸಿಕ ಕಾದಂಬರಿಗಳ ಪಟ್ಟಿ ಬಂದಿತ್ತು. ಪೆನ್ಸಿಲ್ ಚೂಪು ಮಾಡಿ ಕೂತವಳ ಎದುರು ಲೈಬ್ರರಿಯ ಮಾಲೀಕರು ಬಂದು ನಿಂತರು.

“ಈ ಕಪಾಟು ತೆಗೆದು ಮೇಜು ಹಾಕೋಣ ಅಂತಿದೀನಿ. ಪರೀಕ್ಷೆಗೆ ಓದೋರಿಗೆ ಜಾಗ ಬೇಕಂತೆ.”

“ಕಪಾಟಿಗೂ ಜಾಗ ಬೇಕಲ್ಲ ಸರ್.”

“ನಿಮ್ಮ ರಾಜ ರಾಣಿಯರನ್ನ ಈಗ ಯಾರು ಓದ್ತಾರಮ್ಮ?”

“ಯಾರೂ ಓದಲ್ಲ. ಅದಕ್ಕೇ ನಾನು ಅವರನ್ನ ತರಿಸೋದು ಬಿಟ್ಟು ಆರು ವರ್ಷ ಆಯ್ತು. ನೀವು ಗಮನಿಸಿಲ್ಲ ಅಷ್ಟೇ.”

ಮಾಲೀಕರು ಕೆಟ್ಟವರಲ್ಲ. ಲೆಕ್ಕ ಹಾಕಿ ತೋರಿಸಿದರೆ ಒಪ್ಪುವ ಜಾತಿ. “ಸರಿ, ಹಾಗಾದ್ರೆ ಐದು ಆರಿಸಿ,” ಎಂದರು. “ಕೊನೇ ಪುಸ್ತಕ ಬಂದ ಮೂವತ್ತನೇ ದಿನ ನಾನು ಬಂದು ನೋಡ್ತೀನಿ. ಐದೂ ಓದುಗರ ಮನೇಲಿದ್ರೆ ಕಪಾಟು ಉಳೀತು. ಒಂದೇ ಒಂದು ಇಲ್ಲಿ ಕೂತಿದ್ರೂ ಮಾರನೇ ದಿನ ಬಡಗಿ ಬರ್ತಾನೆ.”

“ಆಗಲಿ,” ಎಂದಳು ಅಂಚಕ್ಕ, ತಲೆ ಎತ್ತದೆ.

ಮನೆಯಲ್ಲಿ ಈ ಸುದ್ದಿ ಕೇಳಿ ಅತ್ತೆ ಮೂಗು ಮುರಿದರು. ಎಂಬತ್ತರ ಅತ್ತೆ ದಪ್ಪ ಕನ್ನಡಕದಲ್ಲಿ ವಾರಕ್ಕೊಂದು ಕಾದಂಬರಿ ಮುಗಿಸುವವರು. “ಎಲ್ಲಾ ಐದೂ ಅಂತ ಒಪ್ಕೊಂಡ್ಯಾ? ನಾಲ್ಕು ಅನ್ನೋಕೆ ಬಾಯಿ ಬರ್ಲಿಲ್ವಾ?”

“ಐದೂ ಹೋಗುತ್ತೆ ಅತ್ತೆ.”

“ಏನು, ಪುಸ್ತಕ ನಿನ್ ಕಿವೀಲಿ ಹೇಳಿದ್ಯಾ?”

“ಹೇಳಿಲ್ಲ, ತೋರಿಸಿದೆ.”

“ನಿನ್ ಮಾವನೂ ಹೀಗೇ ಎದೆ ತಟ್ಕೊಂಡು ಹೇಳೋರು. ಹತ್ತರಲ್ಲಿ ಒಂಬತ್ತು ಸಲ ಸರಿ ಇರ್ತಿತ್ತು, ಪಾಪ. ಆ ಹತ್ತನೇದನ್ನ ನಾನು ಸಂಭಾಳಿಸ್ತಿದ್ದೆ.”

ಮೊದಲ ನಾಲ್ಕನ್ನು ಆರಿಸಲು ಅರ್ಧ ಗಂಟೆ ಹಿಡಿಯಿತು. ಐದನೆಯ ಜಾಗಕ್ಕೆ ಎರಡು ಪುಸ್ತಕಗಳ ನಡುವೆ ಪೈಪೋಟಿ ಇತ್ತು. ಒಂದು, ಅಂದಿನ ಕಾಲವನ್ನೂ ಇಂದಿನ ಕಾಲವನ್ನೂ ಒಂದೊಂದು ಅಧ್ಯಾಯದಂತೆ ಹೆಣೆದ ಪುಟ್ಟ ಕಾದಂಬರಿ. ಅದನ್ನು ಓದಲು ಅಂಚಕ್ಕನ ಕೈಯೇ ತುರಿಸುತ್ತಿತ್ತು. ಇನ್ನೊಂದು, ನಾಡನ್ನು ಅಳೆಯಲು ಸರಪಳಿ ಹೊತ್ತು ನಡೆದ ಕೂಲಿಗಳ ಕಥೆಯ ಎರಡನೇ ಭಾಗ, ಇಟ್ಟಿಗೆಯಷ್ಟು ದಪ್ಪ. ಆಕೆ ಮೊದಲ ಭಾಗವನ್ನು ಕಪಾಟಿನಿಂದ ತೆಗೆದು ಬೆಳಕಿಗೆ ಹಿಡಿದಳು. ಒಳರಟ್ಟಿನ ಚೀಟಿಯಲ್ಲಿ ತಾರೀಕುಗಳು ತುಂಬಿದ್ದವು, ಆದರೆ ಅಂಚು ತೊಂಬತ್ತಾರನೇ ಪುಟದವರೆಗೆ ಕಪ್ಪು, ಅಲ್ಲಿಂದಾಚೆ ಐನೂರರವರೆಗೆ ಹಾಲಿನಷ್ಟು ಬಿಳಿ. ಅಷ್ಟು ಜನ ಒಯ್ದು ಅಷ್ಟೂ ಜನ ಕೈಬಿಟ್ಟ ಪುಸ್ತಕ. ಇನ್ನು ಎರಡನೇ ಭಾಗದ ಮಾತೇಕೆ? ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ದಪ್ಪ ಪುಸ್ತಕಕ್ಕೆ ಅಡ್ಡಗೆರೆ ಎಳೆದು, ಪುಟ್ಟದನ್ನು ಐದನೆಯದಾಗಿ ಬರೆದು, ಪಟ್ಟಿಯನ್ನು ಮಾಲೀಕರ ಕೈಗಿಟ್ಟಳು.

ಮೂರು ದಿನ ಕಳೆದವು. ಹಿಂದೆ ಸರ್ವೆ ಇಲಾಖೆಯಲ್ಲಿದ್ದು ನಿವೃತ್ತರಾದ, ಎಲ್ಲರೂ ಸರ್ವೆಯಣ್ಣ ಎನ್ನುವ ಹಳೆಯ ಓದುಗರು ಮೆಟ್ಟಿಲು ಹತ್ತಿ ಬಂದರು.

“ಅಂಚಕ್ಕ, ಸರಪಳಿ ಕೂಲಿಗಳ ಎರಡನೇ ಭಾಗ ಬರ್ತಿದೆಯಂತೆ. ನನ್ ಹೆಸರು ಮೊದಲು ಬರ್ಕೊಳ್ಳಿ.”

“ಅದನ್ನ ತರಿಸ್ತಾ ಇಲ್ಲ ಅಣ್ಣ. ಮೊದಲನೇ ಭಾಗ ಯಾರೂ ಮುಗಿಸಿಲ್ಲ.”

“ಯಾರು ಹೇಳಿದ್ದು? ನಾನು ಎರಡು ಸಲ ಮುಗಿಸಿದೀನಿ. ನಮ್ಮೋಳು ಮುಗಿಸಿದಾಳೆ. ಕೆಳಗಿನ ಅಂಗಡಿ ದರ್ಜಿ ಮುಗಿಸಿ, ಕೊನೇಲಿ ಆ ಕೂಲಿ ಬದುಕಿದ್ನೋ ಸತ್ನೋ ಅಂತ ನನ್ ಜೊತೆ ಜಗಳ ಆಡಿದಾನೆ. ಈಗಲೂ ಸರಿಯಾಗಿ ಮಾತಾಡಲ್ಲ.”

ಅಂಚಕ್ಕ ಪುಸ್ತಕವನ್ನು ಮತ್ತೆ ತೆಗೆದಳು. ಈ ಸಲ ಆತುರ ಮಾಡಲಿಲ್ಲ. ಕಪ್ಪು ಮತ್ತು ಬಿಳಿಯ ನಡುವಿನ ಗೆರೆ ಸ್ಕೇಲಿಟ್ಟು ಎಳೆದಷ್ಟು ನೆಟ್ಟಗಿತ್ತು. ಅದೇ ತಪ್ಪು. ಜನ ಕೈಬಿಟ್ಟ ಪುಸ್ತಕದಲ್ಲಿ ಗೆರೆ ಹಾಗಿರುವುದಿಲ್ಲ; ಒಬ್ಬರು ಎಂಬತ್ತಕ್ಕೆ, ಒಬ್ಬರು ನೂರಹತ್ತಕ್ಕೆ ನಿಲ್ಲಿಸುತ್ತಾರೆ, ಮಾಸಲು ಮೆಲ್ಲಗೆ ತಿಳಿಯಾಗುತ್ತದೆ. ಇನ್ನು ತೊಂಬತ್ತಾರು ಎಂಬ ಸಂಖ್ಯೆ. ಪುಸ್ತಕ ಹೊಲಿಯುವುದು ಹದಿನಾರು ಪುಟಗಳ ಕಂತೆಗಳಲ್ಲಿ. ಆರು ಹದಿನಾರಲೆ ತೊಂಬತ್ತಾರು. ಓದುಗರು ಮಗ್ಗಿ ಹೇಳಿಕೊಂಡು ಬೇಸರಪಡುವುದಿಲ್ಲ.

ಈಗ ಎಲ್ಲ ನೆನಪಾಯಿತು. ಈ ಪುಸ್ತಕದ ಪ್ರತಿಗಳು ಎರಡಿದ್ದವು. ಹಳೆಯದರ ಹಿಂಭಾಗ ಜನ ಓದಿ ಓದಿಯೇ ಬಿಚ್ಚಿಹೋಗಿತ್ತು. ಹೊಸದರ ಮುಂಭಾಗ, ಯಾರೂ ಓದುವ ಮೊದಲೇ, ಅದನ್ನು ಮೊದಲು ಒಯ್ದವರ ಚೀಲದಲ್ಲಿ ನೀರಿನ ಬಾಟಲಿ ಸೋರಿ ಮುದ್ದೆಯಾಗಿತ್ತು. ಎರಡು ತಿಂಗಳ ಹಿಂದೆ ಎರಡನ್ನೂ ಬೈಂಡರ್ ಬಳಿ ಕಳಿಸಿ, ಹಳೆಯದರ ತಲೆಗೆ ಹೊಸದರ ಮೈ ಸೇರಿಸಿ ಒಂದು ಮಾಡಿಸಿದವಳು ಆಕೆಯೇ. ಬೈಂಡರ್ ವಾಡಿಕೆಯಂತೆ ಅಂಚು ಕತ್ತರಿಸಿ ಸಮ ಮಾಡಲು ಹೊರಟಾಗ, ‘ಅಂಚು ಮುಟ್ಟಬೇಡಿ, ಅದು ನನಗೆ ಬೇಕು’ ಎಂದು ತಾಕೀತು ಮಾಡಿದವಳೂ ಆಕೆಯೇ.

“ಏನಕ್ಕ, ಅಷ್ಟು ಏನು ನೋಡ್ತಾ ಇದೀರಿ?” ಎಂದರು ಸರ್ವೆಯಣ್ಣ.

“ಆನೆಯಂಥದ್ದೂ ಮುಗ್ಗರಿಸುತ್ತೆ ಅಣ್ಣ. ಎದ್ದೇಳ್ತಾ ಇದೀನಿ, ಒಂದ್ ನಿಮಿಷ ಇರಿ.”

ಮಾಲೀಕರು ಆಗಲೇ ಪಟ್ಟಿಯನ್ನು ಲಕೋಟೆಗೆ ಹಾಕಿ ಅಂಟಿಸಿದ್ದರು. ಆಕೆ ಅವರ ಎದುರು ನಿಂತು, ನಡೆದದ್ದನ್ನು ಒಂದೂ ಬಿಡದೆ ಹೇಳಿದಳು.

“ಅಂದ್ರೆ ನಿಮ್ಮ ಅಂಚು ಸುಳ್ಳು ಹೇಳ್ತು.”

“ಅಂಚು ಇದ್ದದ್ದನ್ನೇ ಹೇಳ್ತು ಸರ್. ಎರಡು ಪುಸ್ತಕದ ಮಾತನ್ನ ಒಂದೇ ಅಂದ್ಕೊಂಡವಳು ನಾನು. ಲಕೋಟೆ ಕೊಡಿ.”

“ಇಟ್ಟಿಗೆ ಥರ ಇದೆಯಲ್ರೀ ಅದು. ಪುಟ್ಟದೇ ಇರ್ಲಿ ಬಿಡಿ. ಕಪಾಟು ಕಳ್ಕೊಂಡೀರಿ.”

“ಇಟ್ಟಿಗೇನೇ ಬರ್ಲಿ.”

ಲಕೋಟೆ ಹರಿದು, ತಾನು ಕಾದಿದ್ದ ಪುಟ್ಟ ಕಾದಂಬರಿಗೆ ಅಡ್ಡಗೆರೆ ಎಳೆದಳು. ಪೆನ್ಸಿಲ್ ಒಂದು ಕ್ಷಣ ತಡೆಯಿತು, ನಿಜ. ಆದರೆ ತನ್ನ ಆಸೆಗೂ ಕಪಾಟಿನ ಆಯುಷ್ಯಕ್ಕೂ ಸಂಬಂಧವಿಲ್ಲವೆಂದು ಆಕೆಗೆ ಗೊತ್ತಿತ್ತು. ಅಂದು ಮಧ್ಯಾಹ್ನವೇ ಕಪಾಟಿನ ಪುಸ್ತಕಗಳನ್ನೆಲ್ಲ ಇಳಿಸಿ, ಬೈಂಡರ್ ಕೈ ದಾಟಿದ ಹದಿಮೂರಕ್ಕೆ ಬೆನ್ನಿನ ಮೇಲೆ ನೀಲಿ ಚುಕ್ಕೆ ಇಟ್ಟಳು. ಇನ್ನು ಮುಂದೆ ಚುಕ್ಕೆ ಇರುವ ಪುಸ್ತಕದ ಅಂಚನ್ನು ಪ್ರಮಾಣವಾಗಿ ಹಿಡಿಯುವಂತಿಲ್ಲ ಎಂದು ತನಗೆ ತಾನೇ ನಿಯಮ ಮಾಡಿಕೊಂಡಳು.

ಪುಸ್ತಕಗಳು ಒಂದೊಂದಾಗಿ ಬಂದವು. ಇಟ್ಟಿಗೆಯಂಥದ್ದು ಕೊನೆಗೆ ಬಂತು. ಅದರ ಸರದಿ ಚೀಟಿಯಲ್ಲಿ ಸರ್ವೆಯಣ್ಣ ಮೊದಲು, ಅವರ ಹೆಂಡತಿ ಮೂರನೆಯವರು. ನಡುವೆ ದರ್ಜಿಯ ಹೆಸರು ಸೇರಿಸಿದವಳು ಅಂಚಕ್ಕ; ಗಂಡ ಹೆಂಡತಿ ಒಂದೇ ಸಲಕ್ಕೆ ಓದಿ ಮುಗಿಸಿದರೆ ಸರದಿ ಬೇಗ ಮುಗಿದು, ಮೂವತ್ತನೇ ದಿನಕ್ಕೆ ಪುಸ್ತಕ ಕಪಾಟಿನಲ್ಲೇ ಕೂತೀತೆಂಬ ಮುಂದಾಲೋಚನೆ.

ಮೂವತ್ತನೇ ದಿನ ಬೆಳಿಗ್ಗೆ ಬಾಗಿಲು ತೆರೆಯುವಾಗ ಸರ್ವೆಯಣ್ಣನ ಹೆಂಡತಿ ಪುಸ್ತಕ ಹಿಡಿದು ನಿಂತಿದ್ದರು, ಹಿಂದೆ ನಾಲ್ಕನೆಯವರಾದ ನರ್ಸಮ್ಮ. ಪುಸ್ತಕ ಮೇಜು ಮುಟ್ಟಲಿಲ್ಲ. ಈ ಕೈಯಿಂದ ಆ ಕೈಗೆ ಹೋಗಿ ಮೆಟ್ಟಿಲಿಳಿಯಿತು. ಹತ್ತು ಗಂಟೆಗೆ ಮಾಲೀಕರು ಬಡಗಿಯೊಂದಿಗೇ ಬಂದರು.

“ನಾಳೆ ಬರ್ತಾನೆ ಅಂದಿದ್ರಿ,” ಎಂದಳು ಅಂಚಕ್ಕ.

“ಇವತ್ತು ಅವನಿಗೆ ಬಿಡುವಿತ್ತು.”

ಹೊಸ ಪುಸ್ತಕಗಳ ಹಲಗೆ ಪೂರ್ತಿ ಖಾಲಿ. ಕೆಳಗಿನ ಹಲಗೆಗಳಲ್ಲೂ ಅಲ್ಲಲ್ಲಿ ಹಲ್ಲು ಬಿದ್ದಂತೆ ಸಂದುಗಳು. ಮಾಲೀಕರು ಗಲ್ಲ ಕೆರೆದುಕೊಂಡರು. “ಅಲ್ರೀ, ಪುಸ್ತಕವೆಲ್ಲ ಹೊರಗೇ ಇರೋದಾದ್ರೆ ಖಾಲಿ ಕಪಾಟು ಯಾಕೆ ಬೇಕು?”

“ಬಸ್ ಸ್ಟ್ಯಾಂಡ್ ಖಾಲಿ ಇದೆ ಅಂತ ಯಾರಾದ್ರೂ ಕಿತ್ತು ಹಾಕ್ತಾರಾ ಸರ್? ಬಸ್ ಓಡ್ತಾ ಇದೆ ಅಂತ ಅರ್ಥ.”

ಮಾಲೀಕರು ನಕ್ಕುಬಿಟ್ಟರು. ಬಾಗಿಲ ಪಕ್ಕದ ಗೋಡೆ ತೋರಿಸಿ, ಅಲ್ಲಿ ಎಷ್ಟು ಮೇಜು ಹಿಡಿಯುತ್ತದೆ ನೋಡು ಎಂದು ಬಡಗಿಗೆ ಹೇಳಿದರು. ಅವನು ಟೇಪು ಹಿಡಿದು ಆ ಕಡೆ ಹೊರಟವನು, ಖಾಲಿ ಹಲಗೆಗೆ ಅಂಟಿಸಿದ್ದ ಐದು ಪುಸ್ತಕಗಳ ಹೆಸರುಗಳ ಮುಂದೆ ನಿಂತ.

“ಅಕ್ಕಾ, ಇದರಲ್ಲಿ ಹಡಗು ಕಟ್ಟೋರ ಕಥೆ ಅಂತ ಇದೆಯಲ್ಲ. ಯಾವ ಮರದಲ್ಲಿ ಕಟ್ಟಿದ್ರು ಅಂತ ಬರೆದಿದಾರಾ?”

“ಬರೆದಿದಾರೆ. ತಪ್ಪು ಬರೆದಿದಾರಾ ಅಂತ ನೀವು ಓದಿ ನನಗೆ ಹೇಳ್ಬೇಕು.”

“ಎಷ್ಟು ದಿನಕ್ಕೆ ಸಿಗುತ್ತೆ?”

ಅಂಚಕ್ಕ ಸರದಿ ಚೀಟಿ ನೋಡಿದಳು. “ಆರನೆಯವರು ನೀವು. ಆದ್ರೂ ಎರಡನೆಯವರು ಬೇಗ ಬೇಗ ಓದೋರು,” ಎಂದು ಅವನ ಹೆಸರು ಬರೆದುಕೊಂಡಳು.