ಅಪ್ಪ ಉಣ್ಣುವಾಗ ಅಮ್ಮ ಆಡುತ್ತಿದ್ದ ಮಾತು

ಎಂ.ಎ. ಎರಡನೆಯ ವರ್ಷದಲ್ಲಿ ಅಮೆರಿಕನ್ ನಾಟಕಕ್ಕೆಂದೇ ನಮಗೆ ಒಂದು ಇಡೀ ಪತ್ರಿಕೆಯಿತ್ತು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಪ್ರೊಫೆಸರು ನಾಟಕವನ್ನು ಕೂತು ಓದಲು ಬಿಡುತ್ತಿರಲಿಲ್ಲ. ಎದ್ದು ನಿಂತು, ಪಾತ್ರವೇ ಆಗಿ ಓದಬೇಕು. ವರ್ಷದ ಕೊನೆಗೆ ವಿಭಾಗದವರೆಲ್ಲರ ಮುಂದೆ ಒಂದು ನಾಟಕದ ವಾಚನ ಇರುತ್ತಿತ್ತು. ಆ ಸಲದ ನಾಟಕದಲ್ಲಿ ತಾಯಿಗೆ ಎರಡು ಪುಟದ ಒಂದೇ ಮಾತು: ಊಟದ ಮೇಜಿನಲ್ಲಿ ತುಟಿ ಬಿಚ್ಚದೆ ಕೂತ ಗಂಡನಿಗೆ ಅವಳು ತನ್ನ ಸಂಸಾರವನ್ನೆಲ್ಲ ಹೇಳುತ್ತಾಳೆ. ಆ ಪಾತ್ರ ನನಗೇ ಬೇಕಿತ್ತು. ಉತ್ತರದ ತೀರ್ಥಕ್ಷೇತ್ರದಲ್ಲಿ ನೆಲೆಸಿದ ಕನ್ನಡದವರು ನಾವು; ಹನುಮಾನ್ ಘಾಟಿನ ನಮ್ಮ ಮನೆಯ ತಾರಸಿಯ ಮೇಲೆ ಕೋತಿಗಳಿಗೆ ಕೇಳಿಸುವಂತೆ ಅದನ್ನು ಬಾಯಿಪಾಠ ಮಾಡಿದ್ದೆ.

ಅಡ್ಡ ಇದ್ದವಳು ಒಬ್ಬಳೇ, ಕಂಟೋನ್ಮೆಂಟ್ ಕಡೆಯ ರೈಲ್ವೆ ಅಧಿಕಾರಿಯ ಮಗಳು. ಕಾನ್ವೆಂಟಿನ ಇಂಗ್ಲಿಷ್, ಸ್ವಂತದ ಪುಸ್ತಕಗಳು, ಯಾರ ಮೇಲೂ ಸಿಟ್ಟಾಗದ ಸ್ವಭಾವ. ಅವಳ ಒಳ್ಳೆಯತನವೇ ನನ್ನನ್ನು ಹೆಚ್ಚು ಉರಿಸುತ್ತಿತ್ತು. ಹಿಂದಿ ಶಾಲೆಯಲ್ಲಿ ಕಲಿತ ನಾನು ಅವಳ ಪಕ್ಕದಲ್ಲೇ ಕೂತು, ಅವಳ ಉಚ್ಚಾರವನ್ನು ಕದ್ದು ಕೇಳಿ, ರಾತ್ರಿ ನಾಲಗೆಗೆ ಕೂರಿಸಿಕೊಳ್ಳುತ್ತಿದ್ದೆ.

ನಮ್ಮ ಮನೆಯ ಇಡ್ಲಿ ತಿನ್ನಬೇಕೆಂದು ಒಂದು ಮಧ್ಯಾಹ್ನ ಅವಳು ತಾನಾಗಿಯೇ ಹೊರಟು ಬಂದಳು. ಘಾಟಿನಲ್ಲಿ ಯಾತ್ರಿಕರಿಗೆ ಶ್ರಾದ್ಧ ಮಾಡಿಸಿ ಬಂದ ಅಪ್ಪ ಊಟಕ್ಕೆ ಕೂರುತ್ತಿದ್ದರು. ಎಲೆಯ ಸುತ್ತ ನೀರು ಕಟ್ಟಿ ಕೂತರೆ ಕೈ ತೊಳೆಯುವವರೆಗೆ ಅವರು ಮೌನ. ಅಮ್ಮ ಕಾಯುತ್ತಿದ್ದದ್ದು ಆ ಹೊತ್ತಿಗೇ. ಬೇರೆ ವೇಳೆಯಲ್ಲಿ ಒಂದಕ್ಕೆ ಎರಡು ಆಡುವ ಗಂಡಸು, ಈಗ ತಿರುಗಿ ಬೀಳುವಂತಿಲ್ಲ.

"ಮೊನ್ನೆ ಹೇಳದೆ ಕೇಳದೆ ಆರು ಜನ ಯಾತ್ರಿಕರನ್ನ ಊಟಕ್ಕೆ ಕರ್ಕೊಂಡು ಬಂದ್ರಿ. ಡಬ್ಬೀಲಿ ಬೇಳೆ ಇದ್ಯಾ ಅಂತ ಕೇಳಿದ್ರಾ? ನನ್ನ ತಂಗೀನ ನೋಡಿ ಎಷ್ಟು ವರ್ಷ ಆಯ್ತು, ಅದನ್ನ ಕೇಳಿದ್ರಾ?" ಅನ್ನ ಬಡಿಸುತ್ತ, ಎಲೆಯನ್ನೇ ನೋಡುತ್ತ ಹೇಳುತ್ತಿದ್ದಳು. ಅಪ್ಪ ತುಟಿ ತೆರೆಯದೆ ಹೂಂಗುಟ್ಟಿದರು. "ಹೂಂ ಅಂತೀರಿ. ಅದು ಅನ್ನಕ್ಕೋ, ನನ್ನ ಮಾತಿಗೋ?"

ದಿನಾ ಕೇಳಿ ಕೇಳಿ ನನಗೆ ಅದು ಬರೀ ಗೊಣಗಾಟ. ಗೆಳತಿಯ ಎದುರು ನಾಚಿಕೆಯೂ ಆಯಿತು. ಅವಳು ಬಾಗಿಲ ಬಳಿ ಮಣೆಯ ಮೇಲೆ ಕೂತು, ಒಂದಕ್ಷರ ಕನ್ನಡ ಬಾರದಿದ್ದರೂ, ಅಮ್ಮನ ಮೇಲಿಂದ ಕಣ್ಣು ತೆಗೆಯಲಿಲ್ಲ. ವಾಪಸ್ ಗಲ್ಲಿಯಲ್ಲಿ ನಡೆಯುವಾಗ, ಅಮ್ಮ ಏನು ಹೇಳುತ್ತಿದ್ದರು ಎಂದು ಕೇಳಿದಳು. "ಏನಿಲ್ಲ, ಮನೆ ವಿಚಾರ," ಎಂದೆ.

ಪಾತ್ರ ಆರಿಸುವ ದಿನ ಮೊದಲು ಓದಿದವಳು ನಾನು. ಎದೆಯ ಮೇಲೆ ಕೈಯಿಟ್ಟು, ಗಂಟಲು ನಡುಗಿಸಿ, ಒಂದು ಶಬ್ದವೂ ತಪ್ಪದೆ ಮುಗಿಸಿದೆ.

"ಉಚ್ಚಾರಣೆ ಚೆನ್ನಾಗಿದೆ," ಎಂದರು ಪ್ರೊಫೆಸರು.

ಆಮೇಲೆ ಅವಳು ಎದ್ದಳು. ಪುಸ್ತಕ ಒಂದು ಕೈಯಲ್ಲಿ, ಇನ್ನೊಂದು ಕೈ ಇಲ್ಲದ ಪಾತ್ರೆಯಿಂದ ಇಲ್ಲದ ಅನ್ನ ಬಡಿಸುತ್ತಿತ್ತು. ಗಂಡನ ಮುಖವನ್ನು ಒಮ್ಮೆಯೂ ನೋಡಲಿಲ್ಲ. ಪ್ರತಿ ಮಾತಿನ ಕೊನೆಗೆ ನಿಂತು, ಬಾರದ ಉತ್ತರಕ್ಕೆ ಕಾದು, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಮತ್ತೆ ಶುರು ಮಾಡಿದಳು. ತೊಟ್ಟಿದ್ದದ್ದು ಸಲ್ವಾರ್, ಆದರೂ ಆ ಸೆರಗು ನನಗೆ ಕಂಡಿತು. ಅದರ ಬಣ್ಣ ಕೂಡ ಗೊತ್ತಿತ್ತು. ತರಗತಿ ಉಸಿರು ಹಿಡಿದು ಕೂತಿತ್ತು.

ಇದನ್ನೆಲ್ಲಿ ಕಲಿತೆ ಎಂದು ಪ್ರೊಫೆಸರು ಕೇಳಿದರು. ಅವಳು ನನ್ನತ್ತ ಕೈ ತೋರಿಸಿ, "ಇವಳ ಅಮ್ಮನಿಂದ," ಎಂದಳು. ಅದನ್ನಾದರೂ ಮುಚ್ಚಿಟ್ಟುಕೊಂಡಿದ್ದರೆ ಕಳ್ಳಿ ಎಂದು ಬೈಯಬಹುದಿತ್ತು. ಆ ಸುಖವೂ ನನಗಿಲ್ಲ. ಪಾತ್ರ ಅವಳಿಗೇ ಹೋಯಿತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ; ಪಕ್ಕದವಳು ಬಂದು ಕಿತ್ತುಕೊಂಡು ಹೋದಾಗ ಹೊಟ್ಟೆ ಹೇಗೆ ಉರಿಯುತ್ತದೆಂದು ಯಾರೂ ಹೇಳಿರಲಿಲ್ಲ.

ಮನೆಗೆ ಬಂದವಳೇ ಅಮ್ಮನ ಮುಂದೆ ಚಾಡಿ ಹೇಳಿದೆ. ಅಮ್ಮನೂ ಸಿಟ್ಟಾಗಲಿ ಎಂಬ ಆಸೆ. "ಅವತ್ತು ಬಂದಿದ್ದಳಲ್ಲ, ಕ್ಲಾಸಲ್ಲಿ ಎಲ್ಲರ ಮುಂದೆ ನಿನ್ನ ಥರಾನೇ ಮಾಡಿ ತೋರಿಸಿದಳು."

ಸಬ್ಜಿ ಹೆಚ್ಚುತ್ತಿದ್ದ ಅಮ್ಮನ ಕೈ ನಿಂತಿತು. "ನನ್ನ ಥರಾನಾ? ಮಧ್ಯದಲ್ಲಿ ಯಾರೂ ಎದ್ದು ಹೋಗ್ಲಿಲ್ವಾ?"

"ಇಲ್ಲ."

"ಕೊನೇತನಕ ಕೂತು ಕೇಳಿದ್ರಾ, ಎಲ್ಲಾರೂ?"

"ಹೂಂ."

ಹೆಚ್ಚಿದ ಸಬ್ಜಿಯನ್ನು ಪಕ್ಕಕ್ಕೆ ಸರಿಸಿದಳು. "ಹಾಗಾದ್ರೆ ಆ ಹುಡುಗೀನ ಇನ್ನೊಂದ್ಸಲ ಕರ್ಕೊಂಡು ಬಾರೇ," ಎಂದಳು. "ಅವತ್ತು ನಾನು ಅರ್ಧ ಕೂಡ ಹೇಳಿರ್ಲಿಲ್ಲ."