ವಸಂತಲಕ್ಷ್ಮಿಯ ಸೈಕಲ್ಲಿಗೆ ಆಯುಧಪೂಜೆ

ಪರದೇಶದ ನಮ್ಮ ಮಿಲ್ ಕ್ರೀಕ್‌ನಲ್ಲಿ ಕಾರು ಓಡಿಸಲು ಬಾರದಿದ್ದರೆ ಕೈಕಾಲು ಕಟ್ಟಿಸಿಕೊಂಡು ಕೂತ ಹಾಗೆ. ಅರ್ಧ ಲೀಟರ್ ಹಾಲು ಬೇಕೆಂದರೂ ಗಂಡ ಆಫೀಸಿನಿಂದ ಬರುವವರೆಗೆ ಕಾಯಬೇಕು. ನಮ್ಮ ಎದುರುಮನೆಯ ವಸಂತಲಕ್ಷ್ಮಿ ಡ್ರೈವಿಂಗ್ ಟೆಸ್ಟಿಗೆ ಹೋದಾಗಲೆಲ್ಲ ಫೇಲಾಗಿ ಬರುತ್ತಿದ್ದಳು. ಕೊನೆಗೊಂದು ಶನಿವಾರ ಪಕ್ಕದ ಬೀದಿಯ ಗ್ಯಾರೇಜ್ ಸೇಲ್‌ನಲ್ಲಿ ಹಳೆಯ ನೀಲಿ ಸೈಕಲ್ಲೊಂದನ್ನು ಕೊಂಡಳು. ಚೂಡಿದಾರದ ಕಾಲಿಗೆ ರಬ್ಬರ್ ಬ್ಯಾಂಡ್ ಬಿಗಿದು ಮೆಂತ್ಯಸೊಪ್ಪು ತರಲು ಹೊರಟೇಬಿಟ್ಟಳು. ನಲವತ್ತು ದಾಟಿದ್ದಳು ಆಗ. ಕನಕಪುರದಲ್ಲಿ ಹೈಸ್ಕೂಲಿಗೆ ಅಣ್ಣನ ಸೈಕಲ್ ತುಳಿದು ಹೋಗುತ್ತಿದ್ದವಳಂತೆ, ಕಾಲು ಮರೆತಿರಲಿಲ್ಲ.

ನಮ್ಮವರ ಬಾಯಿ ಸುಮ್ಮನಿರುತ್ತದೆಯೇ? ಧನಂಜಯನ ಕೆಲಸ ಹೋಯಿತಂತೆ, ಒಂದು ಕಾರು ಮಾರಿದರಂತೆ ಎಂದು ಇಪ್ಪತ್ತು ಮೈಲಿ ದೂರದ ಫ್ರೀಮಾಂಟಿನ ನನ್ನ ಆಫೀಸಿನವರೆಗೂ ಸುದ್ದಿ ಬಂತು. ಧನಂಜಯ ಅವಳ ಗಂಡ, ಎಂಜಿನಿಯರ್, ಕೆಲಸ ಗಟ್ಟಿಯಾಗಿಯೇ ಇತ್ತು. ಅವರಿಗೆ ನಾಚಿಕೆಗಿಂತ ಭಯ ಜಾಸ್ತಿ. ಹೆಂಡತಿ ದೂರ ಹೊರಟರೆ ಕಾರು ತೆಗೆದುಕೊಂಡು, ದೀಪ ಮಿನುಗಿಸುತ್ತ, ದಿಬ್ಬಣದ ಕೊನೆಯ ಗಾಡಿಯ ಹಾಗೆ ಅವಳ ಹಿಂದೆಯೇ ತೆವಳುತ್ತಿದ್ದರು. ಹಿಂದಿನವರು ಹಾರ್ನ್ ಹೊಡೆದರೂ ಕೇಳುತ್ತಿರಲಿಲ್ಲ. ನೋಡುವ ನನಗೇ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ವಸಂತಲಕ್ಷ್ಮಿಗೆ ಬೇಕಾಗಿದ್ದದ್ದು ಸೊಪ್ಪಲ್ಲ, ನೋಡುವುದು. ನಮ್ಮವರು ಪ್ರವಾಸ ಹೋಗುವ ರೀತಿ ಗೊತ್ತಲ್ಲ: ವ್ಯಾನ್ ನಿಲ್ಲಿಸು, ಫೋಟೊ ಹೊಡಿ, ಪುಳಿಯೋಗರೆ ತಿನ್ನು, ಮುಂದಿನ ವ್ಯೂಪಾಯಿಂಟಿಗೆ ಓಡು. ಬೆಟ್ಟದ ಕಡೆಗೆ ಬೆನ್ನು ಹಾಕಿ ಕ್ಯಾಮೆರಾದ ಕಡೆಗೆ ಮುಖ ಮಾಡುವ ಜನ ನಾವು. ಅವಳು ಸೈಕಲ್ಲಿನಲ್ಲಿ ಹೋದರೆ ಮನಸ್ಸು ತುಂಬುವವರೆಗೆ ನಿಲ್ಲುತ್ತಿದ್ದಳು. ವಿಡ್ಬಿ ದ್ವೀಪದ ಕಡಲದಂಡೆ, ಡಿಸೆಪ್ಷನ್ ಪಾಸಿನ ಸೇತುವೆ ಎಲ್ಲ ಹೀಗೆ ನೋಡಿಬಂದಳು. ಆಮೇಲೆ ಓರ್ಕಾಸ್ ದ್ವೀಪದ ಬೆಟ್ಟ ಹತ್ತಬೇಕೆಂದು ಹಟ ಹಿಡಿದಳು. ತುದಿಯ ಕಲ್ಲಿನ ಗೋಪುರದಿಂದ ಸಮುದ್ರದಾಚೆಯ ಮೌಂಟ್ ಬೇಕರ್ ಜ್ವಾಲಾಮುಖಿ ಪೂರ್ತಿ ಕಾಣುತ್ತದೆಂದು ಯಾರೋ ಹೇಳಿದ್ದರು.

ಅಲ್ಲಿಗೆ ಹೋಗಲು ಕಾರುಗಳನ್ನೂ ಸಾಗಿಸುವ ಫೆರಿ ದೋಣಿ ಹತ್ತಬೇಕು, ಫೆರಿಯವರೆಗೆ ಕಾರು ಬೇಕು. ಧನಂಜಯ ಕರೆದುಕೊಂಡು ಹೋಗಲು ಒಪ್ಪಿದರು, ಒಂದೇ ಷರತ್ತಿನ ಮೇಲೆ: ಒಂದು ಸಲ ಬಿದ್ದರೂ ಸೈಕಲ್ ಮಾರಿಬಿಡುವುದು. ಬೇರೆ ದಾರಿ ಇಲ್ಲದೆ ಅವಳು ಹೂಂ ಅಂದಳು.

ಅದು ೨೦೦೭ರ ನವರಾತ್ರಿ. ಶನಿವಾರ ಆಯುಧಪೂಜೆ, ಭಾನುವಾರ ಬೆಟ್ಟ. ವಸಂತಲಕ್ಷ್ಮಿ ಅಡುಗೆಮನೆಯಲ್ಲಿ ಒಬ್ಬಟ್ಟು ತಟ್ಟುತ್ತಿದ್ದಾಗ, ಅಲ್ಲಿಯವರೆಗೆ ಆ ಸೈಕಲ್ಲನ್ನು ಬೆರಳಲ್ಲೂ ಮುಟ್ಟದ ಧನಂಜಯ ಗ್ಯಾರೇಜಿನಲ್ಲಿ ಅದನ್ನು ಒರೆಸುತ್ತ ಕೂತಿದ್ದರು. ಸಂಜೆ ನಾವೆಲ್ಲ ಪೂಜೆಗೆ ಹೋದಾಗ ಕಾರಿನ ಪಕ್ಕದಲ್ಲಿ ಸೈಕಲ್ ನಿಂತಿತ್ತು. ಚಕ್ರದ ಕಡ್ಡಿಕಡ್ಡಿಯೂ ಮಿರಿಮಿರಿ ಮಿಂಚುತ್ತಿತ್ತು, ಹ್ಯಾಂಡಲಿಗೆ ಸೇವಂತಿಗೆ, ಚಕ್ರದ ಕೆಳಗೆ ನಿಂಬೆಹಣ್ಣು. ಗಂಡ ಸೈಕಲ್ಲಿಗೆ ಆರತಿ ಎತ್ತಿದಾಗ ವಸಂತಲಕ್ಷ್ಮಿಯ ಕಣ್ಣು ತುಂಬಿಬಂತು. ನನಗೂ ಅವರ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು.

ಮರುದಿನ ಕಾರಿನಲ್ಲಿ ಮಾತಿಗೊಬ್ಬರು ಇರಲೆಂದು ಧನಂಜಯ ನನ್ನನ್ನೂ ಕರೆದರು. ಬೆಟ್ಟದ ಬುಡದಲ್ಲಿದ್ದ ಕೆರೆಯ ಪಕ್ಕದಲ್ಲಿ ಸೈಕಲ್ ಇಳಿಸಿದೆವು. ಅಲ್ಲಿಂದ ಮೇಲಕ್ಕೆ ಏರೋ ಏರು. ದೇವದಾರು ಮರಗಳ ನಡುವೆ ಅವಳು ತುಳಿದಳು, ನಿಂತಳು, ಉಸಿರು ತೆಗೆದುಕೊಂಡಳು, ಮರಗಳ ಸಂದಿಯಲ್ಲಿ ನೀರು ಕಂಡಲ್ಲೆಲ್ಲ ನೋಡಿದಳು. ಹಿಂದೆ ನಮ್ಮ ದಿಬ್ಬಣದ ಗಾಡಿ. ಪ್ರತಿ ತಿರುವಿನಲ್ಲೂ ಅವಳು ತಿರುಗಿ ನೋಡಿ, ನಾವು ಬಂದೆವೆಂದು ಖಾತ್ರಿ ಮಾಡಿಕೊಂಡು ಮತ್ತೆ ಹೊರಡುತ್ತಿದ್ದಳು.

ತುದಿ ತಲುಪಿ ಗೋಪುರ ಹತ್ತಿದಾಗ ಬಿಸಿಲು ಬಂದಿತ್ತು. ಕೆಳಗೆ ಸಮುದ್ರದ ತುಂಬ ಚೆಲ್ಲಿದ ದ್ವೀಪಗಳು. ಆಚೆ ದಡದಲ್ಲಿ ಬಿಳಿಯ ಬೆಟ್ಟ. ಒಳಗೆ ಬೆಂಕಿ ಇಟ್ಟುಕೊಂಡೂ ಅದು ಎಷ್ಟು ತಣ್ಣಗೆ ಕೂತಿದೆ ಎಂದಳು ವಸಂತಲಕ್ಷ್ಮಿ. ನಾನು ಪುಳಿಯೋಗರೆ ಮುಗಿಸಿ ಡಬ್ಬಿ ಮುಚ್ಚಿದರೂ ಅವಳು ಏಳಲಿಲ್ಲ. ಫೆರಿ ತಪ್ಪುತ್ತದೆಂದು ಧನಂಜಯ ಜ್ಞಾಪಿಸಿದ ಮೇಲೆ ಇಳಿದಳು.

ಹತ್ತುವಾಗ ಬ್ರೇಕಿನ ಕೆಲಸ ಇರಲಿಲ್ಲ. ಇಳಿಜಾರಿನ ಮೊದಲ ತಿರುವಿನಲ್ಲೇ ಅವಳು ಎರಡೂ ಬ್ರೇಕ್ ಹಿಡಿದಳು, ಸೈಕಲ್ ನಿಲ್ಲಲಿಲ್ಲ. ಬುದ್ಧಿವಂತೆ, ಕಣಿವೆಯ ಕಡೆ ಬಿಟ್ಟು ಗುಡ್ಡದ ಕಡೆಗೆ ತಿರುಗಿಸಿ ಜರೀಗಿಡಗಳ ಪೊದೆಗೆ ನುಗ್ಗಿಸಿದಳು. ಮೊಣಕಾಲು ತರಚಿತು, ಅಂಗೈಯಲ್ಲಿ ರಕ್ತ ಬಂತು, ಅಷ್ಟೇ. ಧನಂಜಯ ಕಾರನ್ನು ರಸ್ತೆಯ ಅಂಚಿಗೆ ಹಾಕಿ ಓಡಿದರು. ಅವಳನ್ನು ಎಬ್ಬಿಸಿ ಕೂರಿಸಿದವರೇ ಸೈಕಲ್ ಎತ್ತಿ ಕಾರಿನ ಹಿಂದಿನ ಕ್ಯಾರಿಯರಿಗೆ ಕಟ್ಟತೊಡಗಿದರು. ಇಲ್ಲಿಗೆ ಮುಗಿಯಿತು, ಮಾತು ಕೊಟ್ಟಿದ್ದೀಯ ಎಂದರು.

ವಸಂತಲಕ್ಷ್ಮಿ ಕುಂಟುತ್ತ ಬಂದು ಚಕ್ರದ ಅಂಚನ್ನು ಮುಟ್ಟಿ ಬೆರಳು ಮೂಸಿದಳು. ಪಕ್ಕದಲ್ಲಿದ್ದ ನನ್ನ ಮೂಗಿಗೂ ಬಡಿಯಿತು. ಕೊಬ್ಬರಿ ಎಣ್ಣೆ. ಊರಿನಲ್ಲಿ ಹಬ್ಬಕ್ಕೆ ಸೈಕಲ್ ಒರೆಸುವ ಹಾಗೆ, ಹೊಳಪು ಬರಲೆಂದು ಅವರು ಬ್ರೇಕಿನ ರಬ್ಬರ್ ಕಚ್ಚುವ ಜಾಗಕ್ಕೂ ಎಣ್ಣೆ ಬಳಿದಿದ್ದರು. ಅವಳು ಸುಮ್ಮನಿದ್ದರೆ ಸೈಕಲ್ ಹೋಗುತ್ತದೆ. ಬಾಯಿಬಿಟ್ಟರೆ, ಅವರು ಮೊದಲ ಸಲ ಪ್ರೀತಿಯಿಂದ ಮಾಡಿದ ಕೆಲಸವೇ ತಪ್ಪಾಗುತ್ತದೆ. ನಾನಾಗಿದ್ದರೆ ಆಗಲೇ ಕಿರುಚಾಡಿರುತ್ತಿದ್ದೆ. ಅವಳು ಗಂಡನ ಕೈ ಹಿಡಿದು ನಿಲ್ಲಿಸಿದಳು.

"ರೀ, ಚಕ್ರಕ್ಕೆ ಎಣ್ಣೆ ಹಚ್ಚಿದ್ದೀರ. ಅದಕ್ಕೇ ಬ್ರೇಕ್ ಹಿಡೀಲಿಲ್ಲ. ನೀವು ಸೈಕಲ್ ಮುಟ್ಟಿದ್ರಿ ಅಂತ ನಂಗೆ ನಿನ್ನೆ ಎಷ್ಟು ಖುಷಿಯಾಗಿತ್ತು ಗೊತ್ತಾ? ಈಗ್ಲೂ ಆ ಖುಷಿ ಹೋಗಿಲ್ಲ. ಆದ್ರೆ ಸೈಕಲ್ ಮಾರೋಕೆ ನಾನು ಬಿಡಲ್ಲ."

ಧನಂಜಯ ತಾವೂ ಚಕ್ರ ಮುಟ್ಟಿ ನೋಡಿಕೊಂಡರು. ಆಮೇಲೆ ರಸ್ತೆಯ ಅಂಚಿನಲ್ಲಿ ಕುಸಿದು ಕೂತರು. ನಿನ್ನನ್ನು ನಾನೇ ಕಣಿವೆಗೆ ತಳ್ಳುತ್ತಿದ್ದೆನಲ್ಲ ಎಂದು ಮೆಲ್ಲಗೆ ಅಂದರು. ಅವರನ್ನು ನೋಡಿ ನನಗೆ ನಿಜಕ್ಕೂ ಅಯ್ಯೋ ಅನಿಸಿತು.

ಸ್ವಲ್ಪ ಹೊತ್ತಿನ ಮೇಲೆ ಎದ್ದು ಸೈಕಲ್ ಬಿಚ್ಚಿದರು. ಪುಳಿಯೋಗರೆ ಡಬ್ಬಿ ತೊಳೆಯಲು ತಂದಿದ್ದ ಸೋಪಿನ ನೀರಿನಲ್ಲಿ ಎರಡೂ ಚಕ್ರಗಳನ್ನು ತಿಕ್ಕಿದರು, ಬ್ರೇಕಿನ ರಬ್ಬರುಗಳನ್ನು ಬಿಚ್ಚಿ ಒರಟು ಕಲ್ಲಿಗೆ ಉಜ್ಜಿದರು, ಮತ್ತೆ ತಿಕ್ಕಿದರು. ಒಣಗಿದ ಮೇಲೆ, ಮದುವೆಯಾದಾಗಿನಿಂದ ಸೈಕಲ್ ಹತ್ತದ ಮನುಷ್ಯ ತಾವೇ ಹತ್ತಿ ಇಳಿಜಾರಿನಲ್ಲಿ ಸ್ವಲ್ಪ ದೂರ ಹೋಗಿ ಬ್ರೇಕ್ ಹಿಡಿದರು. ಸೈಕಲ್ ಗಕ್ಕನೆ ನಿಂತಿತು. ವಾಪಸ್ ತಳ್ಳಿಕೊಂಡು ಬಂದು ಹೆಂಡತಿಯ ಕೈಗೆ ಕೊಟ್ಟರು.

"ಹಿಡೀತಿದೆ. ನಿಧಾನಕ್ಕೆ ಹೋಗು."

ಅವಳು ಅಂಗೈಗೆ ಕರವಸ್ತ್ರ ಸುತ್ತಿಕೊಂಡು ಹೊರಟಳು. ನಾನು ಕಾರಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡೆ. ಧನಂಜಯ ಬರಲೇ ಇಲ್ಲ. ಇಳಿದು ನೋಡಿದರೆ ಕಲ್ಲಿನ ಮೇಲೆ ಕೂತಿದ್ದಾರೆ, ಕಾರಿನ ಕೀ ಕೈಯಲ್ಲೇ ಇದೆ. ಅವಳ ಹಿಂದೆ ಹೋಗುವುದಿಲ್ಲವೇ ಎಂದು ಕೇಳಿದೆ.

"ನಾನು ಹಿಂದೆ ಬಂದ್ರೆ ಅವಳು ತಿರುಗಿ ತಿರುಗಿ ನನ್ನನ್ನೇ ನೋಡ್ತಾಳೆ," ಎಂದರು. "ರಸ್ತೆ ನೋಡ್ಲಿ. ಸಮುದ್ರ ನೋಡ್ಲಿ."

ಅವಳು ಕೆರೆಯ ಹತ್ತಿರ ತಲುಪಿರಬೇಕು ಎನ್ನುವಷ್ಟು ಹೊತ್ತು ಕಳೆದ ಮೇಲೆಯೇ ಅವರು ಎದ್ದದ್ದು.